ಶಿವಗಂಗೆಯನ್ನು ಯಾವ ಕಡೆಯಿಂದ ತೋರಿಸೋದು?

ಬೆಟ್ಟ ಒಂದೇ, ಮುಖ ನಾಲ್ಕು. ಶಿವಗಂಗೆಗೆ ಹೋದವರಿಗೆ ಈ ಮಾತು ಗೊತ್ತಿರುತ್ತೆ: ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು. ಕೇಳೋಕೆ ಚೆಂದ. ಆದರೆ ಕ್ಯಾಮೆರಾ ಹಿಡಿದು ‘ಮೊದಲ ಶಾಟ್ ಎಲ್ಲಿಂದ?’ ಅಂತ ನಿಂತಾಗ ತಲೆನೋವು ಶುರು.

ನನ್ನ ತಂಗಿ ಸಿನಿಮಾ ಓದ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಹತ್ತು ನಿಮಿಷದ ಚಿತ್ರ ಮಾಡಬೇಕು. ವಾರವಿಡೀ ಕೋಡ್ ಬರೆಯುವ ನಾನು ಶನಿವಾರ, ಭಾನುವಾರ ಅವಳ ಡ್ರೈವರ್, ಟ್ರೈಪಾಡ್ ಹೊರುವವನು, ಶಾಟ್ ಲಿಸ್ಟಿನ ಎಕ್ಸೆಲ್ ಶೀಟ್ ನೋಡಿಕೊಳ್ಳುವವನು. ಕಥೆ ಇಷ್ಟೇ: ಮಗಳನ್ನು ಕಳಕೊಂಡ ಒಬ್ಬ ತಾಯಿ, ಮಗಳು ಹೊತ್ತಿದ್ದ ಹರಕೆ ತೀರಿಸೋಕೆ ಒಬ್ಬಳೇ ಬೆಟ್ಟ ಹತ್ತುತ್ತಾಳೆ. ಮಗಳು ಹೇಗೆ ಹೋದಳು ಅಂತ ಚಿತ್ರ ಎಲ್ಲೂ ಹೇಳಲ್ಲ. ಈ ಕಥೆ ತಂಗಿಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನ ಹುಡುಗಿ ಒಂದು ದಿನ ಇಲ್ಲವಾದಳು. ಅವಳ ಅಮ್ಮ ಬಂದು ಬಟ್ಟೆ ಮಡಚಿ ಚೀಲಕ್ಕೆ ತುಂಬುವಾಗ ಜೊತೆಗೆ ಕೂತು ಮಡಚಿದವಳು ನನ್ನ ತಂಗಿ.

ಟೀಮಿನ ಹುಡುಗರಿಗೆ ಡ್ರೋನ್ ಬೇಕಿತ್ತು. ‘ಶಾಂತಲಾ ಡ್ರಾಪ್’ ಪ್ರಪಾತದ ಮೇಲೆ ಹಾರಿಸಿ, ಅಂಚು ದಾಟಿದ ಕೂಡಲೇ ಟೈಟಲ್. ಥಿಯೇಟರ್‌ನಲ್ಲಿ ಶಿಳ್ಳೆ ಬೀಳೋ ಶಾಟ್ ಅದು, ಒಪ್ಪಿಕೊಳ್ಳೋಣ. ವಿಷ್ಣುವರ್ಧನನ ರಾಣಿ ಶಾಂತಲೆ ಅಲ್ಲಿಂದಲೇ ಹಾರಿದಳು ಅಂತ ಜನ ಹೇಳ್ತಾರೆ. ಶ್ರವಣಬೆಳಗೊಳದ ಶಾಸನದಲ್ಲಿರೋದು ಅಷ್ಟು ನಾಟಕೀಯವಲ್ಲ. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಆಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡಳು. ಜಿಗಿತದ ಮಾತೇ ಇಲ್ಲ. ಪ್ರವಾಸಿಗರು ಸೆಲ್ಫಿ ತೆಗೆಯೋದು ಪ್ರಪಾತದ ಜೊತೆ, ಮಾಚಿಕಬ್ಬೆಯ ಹೆಸರು ಯಾರ ಬಾಯಲ್ಲೂ ಬರಲ್ಲ.

‘ಆ ಅಂಚನ್ನ ಚೆಂದ ಮಾಡಿ ತೋರಿಸಿದ್ರೆ, ಪಕ್ಕದ ರೂಮಿನ ಆಂಟಿ ಈ ಸಿನಿಮಾ ನೋಡೋಕಾಗುತ್ತಾ?’ ಅಂದಳು ತಂಗಿ. ಶೀಟಿನಲ್ಲಿ ಆ ಸಾಲನ್ನು ನಾನು ಅಲ್ಲೇ ಅಳಿಸಿದೆ.

ಹಾಗಾದರೆ ದೂರದಿಂದ ವೈಡ್ ಶಾಟ್? ಪೂರ್ವದ ಹೊಲದಲ್ಲಿ ನಿಂತು ಬೆಳಿಗ್ಗೆ ತೆಗೆದೆವು. ಬಿಸಿಲು ನೇರ ಬಂಡೆಗೆ ಬಿದ್ದು ಎಲ್ಲಾ ಸ್ಪಷ್ಟ, ಕ್ಯಾಲೆಂಡರ್ ಚಿತ್ರದ ಥರ. ಇನ್ನೊಂದು ಬೆಳಿಗ್ಗೆ ಪಶ್ಚಿಮಕ್ಕೆ ಹೋದೆವು. ಸೂರ್ಯ ಬೆಟ್ಟದ ಹಿಂದಿದ್ದ, ಬರೀ ಕಪ್ಪು ಆಕಾರ. ಇದು ನನಗೆ ತುಂಬಾ ಇಷ್ಟವಾಗಿತ್ತು. ಆದರೆ ಫೋನಿನಲ್ಲಿ ಹಾಕಿ ನೋಡಿದರೆ ಹೆಬ್ಬೆರಳಿನಷ್ಟು ಕಪ್ಪು ಗುಡ್ಡೆ! ಇಂಥ ಚಿತ್ರ ನೋಡುವವರಲ್ಲಿ ಹೆಚ್ಚಿನವರು ಫೋನಿನಲ್ಲೇ ನೋಡೋದು.

ಆಗ ನೆನಪಾಗಿದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್. ಓದಿದ್ದು ವೈದ್ಯಕೀಯ, ಆಮೇಲೆ ಪುಣೆಯ ಎಫ್‌ಟಿಐಐ. ಅಲ್ಲಿ ವಿದ್ಯಾರ್ಥಿಯಾಗಿ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಅಜ್ಜಿಯೊಬ್ಬಳು ಹುಂಜ ಕದ್ದಿದ್ದಕ್ಕೆ ಊರಿಗೆ ಬೆಳಗೇ ಆಗದ ಜಾನಪದ ಕಥೆ ಅದು. ಬೆಳಗೇ ಆಗದ ಊರಲ್ಲಿ ವಿಶಾಲವಾದ ನೋಟ ಎಲ್ಲಿಂದ ತರೋದು? ಬೆಳಕು ಬಿದ್ದಷ್ಟೇ ಕಾಣುತ್ತೆ. ನಮಗೂ ಇಡೀ ಬೆಟ್ಟ ಬೇಕಾಗಿಲ್ಲ ಅನ್ನಿಸಿತು.

ಕೊನೆಗೆ ಉಳಿದದ್ದು ಒಳಕಲ್ಲು ತೀರ್ಥ. ಬಂಡೆಯಲ್ಲಿ ಒಂದು ಗುಂಡಿ. ಭಕ್ತರು ಕೈ ಇಳಿಬಿಡ್ತಾರೆ, ಪುಣ್ಯ ಇದ್ದವರಿಗೆ ನೀರು ಸಿಗುತ್ತೆ ಅನ್ನೋ ನಂಬಿಕೆ. ಅರ್ಚಕರನ್ನು ಕೇಳಿ, ಜನ ಕಡಿಮೆ ಇರೋ ಹೊತ್ತಲ್ಲಿ, ಟ್ರೈಪಾಡ್ ಇಲ್ಲದೆ ಕ್ಯಾಮೆರಾವನ್ನು ಗುಂಡಿಯ ಅಂಚಿಗೇ ಇಟ್ಟೆವು. ತೋಳು ಭುಜದವರೆಗೂ ಒಳಗೆ, ಕೆನ್ನೆ ಕಲ್ಲಿಗೆ ಒತ್ತಿಕೊಂಡಿದೆ. ಆರು ಸೆಕೆಂಡು ಸಾಕು ಅಂದೆ ನಾನು. ಇಪ್ಪತ್ತು ಅಂದಳು ಅವಳು. ಎಡಿಟ್‌ನಲ್ಲಿ ನೋಡಿದರೆ ಹನ್ನೆರಡನೇ ಸೆಕೆಂಡಿಗೆ ನಮಗೇ ಉಸಿರು ಕಟ್ಟುತ್ತೆ, ಅವಳೇ ಸರಿ.

ತಾಯಿಯ ಪಾತ್ರ ಮಾಡಿದ್ದು ನಮ್ಮ ಬೀದಿಯ ಒಬ್ಬರು ಆಂಟಿ. ಮೊದಲ ಟೇಕ್‌ನಲ್ಲಿ ಅವರಿಗೆ ನೀರು ಸಿಗಲಿಲ್ಲ. ಎರಡನೇದರಲ್ಲಿ ನಿಜವಾಗಿಯೂ ಸಿಕ್ಕಿತು, ಮುಖ ಅರಳಿಬಿಟ್ಟಿತು. ಯಾವ ನಟಿಗೂ ಹೇಳಿಕೊಡೋಕಾಗದ ನಗು. ಮೊದಲನೇದು ಓಪನಿಂಗ್‌ಗೆ ಹೋಯಿತು. ಎರಡನೇದನ್ನು ತಂಗಿ ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದಾಳೆ, ಎಲ್ಲಿ ಹಾಕ್ತಾಳೋ ಇನ್ನೂ ಹೇಳಿಲ್ಲ.