ಬೆರಳಗಲದ ಬದು

ಜಾವಾ ದ್ವೀಪದ ನಡುಭಾಗದಲ್ಲಿ ಯೋಗ್ಯಕರ್ತ ಎಂಬ ಹಳೆಯ ರಾಜಧಾನಿಯಿದೆ. ಅದರ ಉತ್ತರಕ್ಕೆ ಹೊಗೆಯಾಡುವ ಮೆರಾಪಿ ಅಗ್ನಿಪರ್ವತ, ದಕ್ಷಿಣಕ್ಕೆ ಹಿಂದೂ ಮಹಾಸಾಗರ. ನಗರದಿಂದ ಕಡಲಿನ ಕಡೆಗೆ ಹೊರಟರೆ, ಓಪಾಕ್ ಮತ್ತು ಪ್ರೊಗೊ ಎಂಬ ಎರಡು ಹೊಳೆಗಳ ನಡುವೆ ಬಾಂತುಲ್ ಜಿಲ್ಲೆಯ ಗದ್ದೆಗಳು ಹಾಸಿಕೊಂಡಿವೆ. ಪರ್ವತವು ಶತಮಾನಗಳಿಂದ ಉಗುಳಿದ ಬೂದಿಯೇ ಈ ಮಣ್ಣಿನ ಸತ್ವ. ಗದ್ದೆಗಳ ಹಸಿರಿನ ನಡುವೆ ಅಲ್ಲಲ್ಲಿ ತೆಂಗು, ಬಿದಿರು, ಹಲಸು ಒತ್ತಾಗಿ ಬೆಳೆದ ತೋಪುಗಳು ಕಡಲಿನ ನಡುಗಡ್ಡೆಗಳಂತೆ ಕಾಣಿಸುತ್ತವೆ. ದೂರದಿಂದ ಮನೆಯೊಂದೂ ಕಾಣದು. ಹತ್ತಿರ ಹೋದಾಗಲೇ ಮರಗಳ ಮರೆಯಲ್ಲಿ ಕೆಂಪು ಹೆಂಚಿನ ಮಾಡುಗಳು, ಗುಡಿಸಿ ಸ್ವಚ್ಛವಾಗಿಟ್ಟ ಅಂಗಳಗಳು, ಒಂದು ಪುಟ್ಟ ಮಸೀದಿ ಕಣ್ಣಿಗೆ ಬೀಳುತ್ತವೆ. ಪ್ರತಿಯೊಂದು ತೋಪೂ ಒಂದು ಹಳ್ಳಿ.

ಅಂತಹ ಹಳ್ಳಿಯೊಂದಕ್ಕೆ ಕಾಲ್ದಾರಿ ಎಂದರೆ ಗದ್ದೆಯ ಬದುವೇ. ಗಲೆಂಗನ್ ಎಂದು ಕರೆಯುವ ಈ ಬದು ಒಬ್ಬ ಮನುಷ್ಯ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ನಡೆಯುವಷ್ಟೇ ಅಗಲ. ಎದುರಿನಿಂದ ಹುಲ್ಲಿನ ಹೊರೆ ಹೊತ್ತವರು ಬಂದರೆ ಒಬ್ಬರು ಕೆಸರಿಗಿಳಿಯಬೇಕು. ಸಾಮಾನ್ಯವಾಗಿ ಕಿರಿಯರೇ ಇಳಿಯುತ್ತಾರೆ. ಇಷ್ಟು ಕಿರಿದಾದ ಮಣ್ಣಿನ ಗೆರೆಯ ಬಗ್ಗೆ ಜಾವಾದವರಲ್ಲಿ ಒಂದು ಗಾದೆಯಿದೆ: ಹಣೆಯ ಮೇಲೆ ಒಂದು ಬೆರಳ ಸ್ಪರ್ಶ, ನೆಲದಲ್ಲಿ ಒಂದು ಬೆರಳಗಲ, ಇವೆರಡಕ್ಕೂ ಪ್ರಾಣವೇ ಪಣ. ಮಾತಿನಲ್ಲಿ ಮೃದು, ನಡೆಯಲ್ಲಿ ವಿನಯ ಎಂದು ಹೆಸರಾದ ಜನರ ಬಾಯಲ್ಲಿ ಇಂತಹ ಕಟುಮಾತು ಹುಟ್ಟಿದ್ದೇಕೆ ಎಂಬುದು ಅವರ ಗದ್ದೆಗಳ ಅಳತೆಯನ್ನು ಕಂಡವರಿಗೆ ತಾನಾಗಿ ತಿಳಿಯುತ್ತದೆ.

ಕರ್ನಾಟಕ ರಾಜ್ಯಕ್ಕಿಂತ ಎಷ್ಟೋ ಚಿಕ್ಕದಾದ ಈ ದ್ವೀಪದಲ್ಲಿ 15 ಕೋಟಿ ಜನ ಬಾಳುತ್ತಾರೆ. ಅರ್ಧ ಹೆಕ್ಟೇರಿಗಿಂತ ಕಡಿಮೆ ಭೂಮಿಯುಳ್ಳ ರೈತನಿಗೆ ಅಲ್ಲಿ ಗುರೆಮ್ ಎಂದು ಹೆಸರು. ಜಾವಾದ ರೈತರಲ್ಲಿ ಹೆಚ್ಚಿನವರು ಗುರೆಮರೇ. ಹಿಂದೆ ನೆಲವನ್ನು ಬಾಹು ಎಂಬ ಮಾನದಲ್ಲಿ ಅಳೆಯುತ್ತಿದ್ದರು. ಒಂದು ಬಾಹು ಎಂದರೆ ಸುಮಾರು 7,000 ಚದರ ಮೀಟರು, ಹೆಚ್ಚುಕಡಿಮೆ ಒಂದೂಮುಕ್ಕಾಲು ಎಕರೆ. ಒಂದು ಬಾಹು ಗದ್ದೆಯಿದ್ದ ಅಜ್ಜನ ಆಸ್ತಿಯನ್ನು ನಾಲ್ವರು ಮಕ್ಕಳು ಹಂಚಿಕೊಂಡರೆ ತಲೆಗೆ 43 ಸೆಂಟ್ಸ್. ಆ ಮಕ್ಕಳಿಗೂ ನಾಲ್ಕು ನಾಲ್ಕು ಮಕ್ಕಳಾದರೆ ಮೊಮ್ಮಗನ ಪಾಲು 11 ಸೆಂಟ್ಸಿಗೆ ಇಳಿಯುತ್ತದೆ. ಅಷ್ಟರಲ್ಲಿ ಒಂದು ಬೆರಳಗಲ ಹೋದರೂ ಅದು ಸಣ್ಣ ನಷ್ಟವಲ್ಲ.

ನೆಲದಲ್ಲಿ ಮೂರು ಬಗೆ. ನೀರಾವರಿಯ ಗದ್ದೆ ಸಾವಾ, ಮಳೆಯನ್ನೇ ನಂಬಿದ ಬೆಟ್ಟುಭೂಮಿ ತೆಗಲ್, ಮನೆಯ ಸುತ್ತಣ ತೋಟ ಪೆಕರಾಂಗನ್. ಸಾವಾದಲ್ಲಿ ವರ್ಷಕ್ಕೆರಡು ಬಾರಿ ಭತ್ತ, ನೀರು ಕಡಿಮೆಯಾದಾಗ ನೆಲಗಡಲೆ, ಸೋಯಾ, ಜೋಳ. ಭತ್ತವಲ್ಲದ ಈ ಬೆಳೆಗಳಿಗೆಲ್ಲ ಪಾಲಾವಿಜ ಎಂಬ ಒಂದೇ ಹೆಸರು. ಅದು ಸಂಸ್ಕೃತದ ಫಲ ಮತ್ತು ಬೀಜ ಎಂಬ ಪದಗಳು ಕಡಲು ದಾಟಿ ತಳೆದ ರೂಪ. ಹಳ್ಳಿಗೆ ದೇಸ, ನೆಲಕ್ಕೆ ಬೂಮಿ, ಆಸ್ತಿಗೆ ಹಾರ್ತ (ನಮ್ಮ ಅರ್ಥವೇ ಅದು) ಎನ್ನುವುದನ್ನು ಕೇಳಿದ ಕನ್ನಡಿಗನ ಕಿವಿ ಕ್ಷಣಕಾಲ ನಿಮಿರುತ್ತದೆ. ಆದರೆ ಹಳ್ಳಿಯ ನಿಜವಾದ ಉಗ್ರಾಣ ಪೆಕರಾಂಗನ್. ಗದ್ದೆಯಿಲ್ಲದ ಬಡವನಿಗೂ ಮನೆಯ ಸುತ್ತ ಅಂಗೈಯಷ್ಟು ತೋಟವಿದ್ದರೆ ಬಾಳೆ, ಪಪ್ಪಾಯಿ, ಮರಗೆಣಸು, ತೆಂಗು, ಬಿದಿರಿನ ಒಂದು ಮೆಳೆ, ಮಗಳ ಮದುವೆಗೆಂದು ಬೆಳೆಸಿದ ಎರಡು ತೇಗ ಇರುತ್ತವೆ. ಬೇಲಿ ಇದ್ದರೂ ನೆರೆಯವರು ನಡುವೆ ನುಸುಳಿ ಹೋಗುವ ದಾರಿಯನ್ನು ಯಾರೂ ಮುಚ್ಚುವುದಿಲ್ಲ.

ಮನೆಯ ವಿಚಾರದಲ್ಲಿ ಜಾವಾದ ಪದ್ಧತಿ ವಿಚಿತ್ರವೆನಿಸಬಹುದು. ಹಳೆಯ ಕಾಲದ ಲಿಮಾಸನ್, ಜೊಗ್ಲೊ ಮನೆಗಳು ಮರದ ಕಂಬ ತೊಲೆಗಳನ್ನು ಒಂದಕ್ಕೊಂದು ಕಚ್ಚಿಸಿ ನಿಲ್ಲಿಸಿದವು. ಬಿಚ್ಚಿದರೆ ಬಿಚ್ಚಿಕೊಳ್ಳುತ್ತವೆ, ಇನ್ನೊಂದೆಡೆ ಜೋಡಿಸಿದರೆ ನಿಲ್ಲುತ್ತವೆ. ಆದ್ದರಿಂದ ನೆಲ ಒಬ್ಬನದು, ಅದರ ಮೇಲಿನ ಮನೆ ಇನ್ನೊಬ್ಬನದು ಆಗುವುದುಂಟು. ಕಷ್ಟ ಬಂದಾಗ ನೆಲವನ್ನು ಉಳಿಸಿಕೊಂಡು ಮನೆಯನ್ನೇ ಮಾರಿದವರೂ ಉಂಟು. ಮನೆಯ ಒಳಭಾಗದ ನಡುಗೋಣೆ ಸೆಂಥೊಂಗ್ ತೆಙಾ, ಅಕ್ಕಿಯ ದೇವತೆ ದೇವಿ ಶ್ರೀಗೆ ಮೀಸಲು. ಊರಿನವರು ಬಹುಪಾಲು ಮುಸಲ್ಮಾನರು, ಐದು ಹೊತ್ತು ನಮಾಜು ಮಾಡುವವರು. ಆದರೂ ಕೊಯ್ಲಿಗೆ ಮುನ್ನ ಗದ್ದೆಯ ಮೂಲೆಯಲ್ಲಿ ಅನ್ನ, ಕೋಳಿಯ ಎಡೆಯಿಟ್ಟು ಶ್ರೀಯನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ.

2006ರ ಮೇ 27ರ ಮುಂಜಾನೆ, ಆರು ಗಂಟೆಗೆ ಕೆಲವು ನಿಮಿಷ ಮೊದಲು, ಬಾಂತುಲ್ ಮತ್ತು ನೆರೆಯ ಕ್ಲಾತೆನ್ ಜಿಲ್ಲೆಗಳ ಭೂಮಿ ನಡುಗಿತು. ಒಂದು ನಿಮಿಷದೊಳಗೆ ಹಳ್ಳಿಗೆ ಹಳ್ಳಿಯೇ ನೆಲಕ್ಕೆ ಕುಸಿಯಿತು. ಸತ್ತವರು 5,700ಕ್ಕೂ ಹೆಚ್ಚು. ಕಬ್ಬಿಣದ ಸರಳಿಲ್ಲದೆ ಕಟ್ಟಿದ ಇಟ್ಟಿಗೆಗೋಡೆಗಳೇ ಹೆಚ್ಚಿನವರ ಪ್ರಾಣ ತೆಗೆದವು. ಗದ್ದೆಗಳಲ್ಲಿ ಮಾತ್ರ ಪೈರು ನಿಂತೇ ಇತ್ತು. ಆಮೇಲೆ ನಡೆದುದನ್ನು ಊರವರು ಸಂಬಾತನ್ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಇಂದು ಈ ಮನೆ, ನಾಳೆ ಆ ಮನೆ ಎಂದು ಹತ್ತಾರು ಮಂದಿ ಒಟ್ಟಾಗಿ, ಕೂಲಿಯಿಲ್ಲದೆ, ಊಟ ಕಾಫಿಗಳ ಮೇಲೆ ಕಲ್ಲುಮಣ್ಣು ತೆಗೆದು ಗೋಡೆ ಏರಿಸುವ ಕ್ರಮ ಅದು. ಸರಕಾರದ ನೆರವಿನ ಹಣವೂ ನೆರೆಹೊರೆಯ ಗುಂಪುಗಳ ಮೂಲಕವೇ ಹಂಚಿಹೋಯಿತು. ಯಾರ ಮನೆಯ ಅಡಿಪಾಯ ಎಲ್ಲಿತ್ತು ಎಂಬುದಕ್ಕೆ ಆಗ ಸಾಕ್ಷಿಯಾಗಿ ಉಳಿದದ್ದು ಮುದುಕರ ನೆನಪು ಮತ್ತು ಹಲಸಿನ ಮರಗಳು.

ಆಸ್ತಿಯ ಹಂಚಿಕೆಗೆ ಎರಡು ದಾರಿಗಳಿವೆ. ಮೊದಲನೆಯದನ್ನು ಹೊರೆಯ ಲೆಕ್ಕದಲ್ಲಿ ಹೇಳುತ್ತಾರೆ. ಗಂಡಸು ಹೆಗಲ ಅಡ್ಡೆಯಲ್ಲಿ ಹಿಂದೊಂದು ಮುಂದೊಂದು ಎರಡು ಹೊರೆ ಹೊರುತ್ತಾನೆ, ಹೆಂಗಸು ಬೆನ್ನಿಗೆ ಕಟ್ಟಿ ಒಂದು ಹೊರುತ್ತಾಳೆ. ಆದ್ದರಿಂದ ಮಗನಿಗೆ ಎರಡು, ಮಗಳಿಗೆ ಒಂದು. ಎರಡನೆಯದು ಹಬ್ಬದ ಕುಪಾತ್ ಕಡುಬು ಹಂಚಿದಂತೆ ಎಲ್ಲರಿಗೂ ಸಮಪಾಲು. ಅಳಿಯಕಟ್ಟಾಗಲಿ ಮಕ್ಕಳಕಟ್ಟಾಗಲಿ ಇಲ್ಲಿಲ್ಲ. ತಾಯಿಯ ಕಡೆಯದೂ ತಂದೆಯ ಕಡೆಯದೂ ಮಕ್ಕಳಿಗೆ ಸೇರುತ್ತದೆ. ತಂದೆತಾಯಿಗಳು ಬದುಕಿರುವಾಗಲೇ ಇದು ಇವಳಿಗೆ, ಅದು ಅವನಿಗೆ ಎಂದು ತೋರಿಸಿಬಿಡುವುದು ರೂಢಿ. ಹಿರಿಯರನ್ನು ಕೊನೆತನಕ ನೋಡಿಕೊಂಡ ಮಗುವಿಗೆ, ಸಾಮಾನ್ಯವಾಗಿ ಕಿರಿಯವನಿಗೋ ಕಿರಿಯವಳಿಗೋ, ಮನೆ ಉಳಿಯುತ್ತದೆ. ಮಾತು ಬಾಯಿಮಾತು. ಸಹೋದರರು ಒಟ್ಟಾಗಿ ಕೂತು ಊಟ ಮಾಡುವವರೆಗೆ ಅದು ಶಾಸನದಷ್ಟೇ ಗಟ್ಟಿ, ಆಮೇಲೆ ಅಷ್ಟಿಲ್ಲ.

ಮದುವೆಯಾದ ಮೇಲೆ ಗಂಡಹೆಂಡಿರು ಕೂಡಿ ಗಳಿಸಿದ್ದು ಗೊನೊ-ಗಿನಿ. ಬೇರೆಯಾದರೆ ಅದರಲ್ಲಿ ಹೆಂಡತಿಗೂ ಪಾಲು. ತವರಿನಿಂದ ತಂದದ್ದು ಅವಳದೇ. ಮನೆಯ ಹಣದ ಚೀಲವಂತೂ ಬಹುಮಟ್ಟಿಗೆ ಅವಳ ಸೊಂಟದಲ್ಲೇ ಇರುತ್ತದೆ. ಸಂತೆ ಏಳು ದಿನದ ವಾರಕ್ಕಲ್ಲ, ಐದು ದಿನದ ಜಾವಾ ವಾರಕ್ಕೆ ಬರುತ್ತದೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಒಂದೂರಲ್ಲಿ ಪೊನ್ ಸಂತೆಯಾದರೆ ಪಕ್ಕದೂರಲ್ಲಿ ವಾಗೆ ಸಂತೆ. ಬೆಳಕು ಹರಿಯುವ ಮೊದಲೇ ಬುಟ್ಟಿ ಬೆನ್ನಿಗೇರಿಸಿ ಹೊರಡುವ ಬಕುಲ್ ಎಂಬ ವ್ಯಾಪಾರಿ ಹೆಂಗಸರ ಬಾಯಲ್ಲಿ ಎರಡು ಪಂಚಾಂಗಗಳು ಒಟ್ಟಿಗೆ ಸಾಗುತ್ತವೆ. 1633ರಲ್ಲಿ ಮಾತರಾಮಿನ ಸುಲ್ತಾನ ಅಗುಂಗ್ ಮುಸ್ಲಿಂ ಚಾಂದ್ರಮಾನ ತಿಂಗಳುಗಳನ್ನು ಸ್ವೀಕರಿಸಿದರೂ ವರ್ಷದ ಎಣಿಕೆಯನ್ನು ಶಕ 1555ರಿಂದಲೇ ಮುಂದುವರಿಸಿದ. ಶಾಲಿವಾಹನ ಶಕೆಯನ್ನು ಬಲ್ಲವರಿಗೆ ಇದು ಹೊರಗಿನ ಸುದ್ದಿಯೆನಿಸದು.

ಭೂಮಿಯಿಲ್ಲದವರ ಬದುಕು ಭೂಮಿಯುಳ್ಳವರ ಕೊಯ್ಲಿನ ಮೇಲೆ ನಿಂತಿತ್ತು. ಅಂಗೈಯಲ್ಲಿ ಅಡಗುವ ಅನಿ-ಅನಿ ಎಂಬ ಪುಟ್ಟ ಅಲಗಿನಿಂದ ಹೆಂಗಸರು ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಅಲಗು ಕಣ್ಣಿಗೆ ಬಿದ್ದರೆ ಶ್ರೀದೇವಿ ಬೆದರುತ್ತಾಳೆಂಬ ನಂಬಿಕೆ. ಕೊಯ್ದದ್ದರಲ್ಲಿ ಇಂತಿಷ್ಟು ಪಾಲು ಕೊಯ್ದವರಿಗೆ, ಅದು ಬಾವೊನ್. ನೆಂಟರಿಗೆ, ನೆರೆಯವರಿಗೆ ಪಾಲು ದೊಡ್ಡದು, ಹೊರಗಿನವರಿಗೆ ಚಿಕ್ಕದು. ಕೊಯ್ಲಿಗೆ ಬಂದವರನ್ನು ಹಿಂದೆ ಕಳುಹಿಸುವುದು ಅವಮಾನವೆಂದೇ ಎಣಿಕೆ. 1970ರ ದಶಕದಲ್ಲಿ ಗಿಡ್ಡ ತಳಿಯ ಹೊಸ ಭತ್ತ ಬಂತು, ಅನಿ-ಅನಿ ಹೋಗಿ ಕುಡುಗೋಲು ಬಂತು, ಅದರೊಡನೆ ತೆಬಾಸನ್ ಬೆಳೆಯಿತು: ಗದ್ದೆಯಲ್ಲಿ ನಿಂತ ಪೈರನ್ನೇ ವ್ಯಾಪಾರಿ ಗುತ್ತಿಗೆ ಹಿಡಿದು, ತನ್ನ ಆಳುಗಳನ್ನು ತಂದು ಕೊಯ್ಸುತ್ತಾನೆ. ಒಡೆಯನು ನೆರೆಯವರಿಗೆ ಇಲ್ಲವೆನ್ನುವ ಕಷ್ಟ ತಪ್ಪಿತು. ಇಲ್ಲವೆನ್ನಿಸಿಕೊಳ್ಳುವವರ ಕಷ್ಟ ತಪ್ಪಲಿಲ್ಲ. ಈ ಹಳ್ಳಿಗಳಲ್ಲಿ ಎಲ್ಲರೂ ಬಡತನವನ್ನೇ ಸಮವಾಗಿ ಹಂಚಿಕೊಳ್ಳುತ್ತಾರೆಂದು ಅಮೆರಿಕದ ವಿದ್ವಾಂಸ ಕ್ಲಿಫರ್ಡ್ ಗೀರ್ಟ್ಸ್ 1963ರ ತನ್ನ ಗ್ರಂಥದಲ್ಲಿ ವಾದಿಸಿದ್ದ. ಕೊಯ್ಲಿನ ದಿನ ಗದ್ದೆಯ ಅಂಚಿನಲ್ಲಿ ಕರೆಗಾಗಿ ಕಾದು ನಿಂತವರನ್ನು ಕೇಳಿದರೆ ಆ ಸಮತೆಯ ಬಣ್ಣ ಸ್ವಲ್ಪ ಮಾಸೀತು.

ಗೇಣಿಯ ಲೆಕ್ಕ ಮಾರೊ, ಮೆರ್ತೆಲು: ಅರ್ಧ ಮತ್ತು ಮೂರರಲ್ಲೊಂದು. ಹಸುವನ್ನೂ ಹೀಗೆಯೇ ಪಾಲಿಗೆ ಸಾಕಲು ಕೊಡುವುದುಂಟು. ಅವಸರಕ್ಕೆ ಹಣ ಬೇಕಾದಾಗ ಗದ್ದೆಯನ್ನು ಅಡವಿಟ್ಟು, ಸಾಲ ತೀರುವವರೆಗೆ ಬೆಳೆಯನ್ನು ಸಾಲಿಗನಿಗೆ ಬಿಟ್ಟುಕೊಡುವ ಪದ್ಧತಿ ಬಹಳ ಹಳೆಯದು. ಏಳು ವರ್ಷ ಕಳೆದ ಅಡವಿನ ಗದ್ದೆಯನ್ನು ಹಣ ಕೇಳದೆ ಒಡೆಯನಿಗೆ ಮರಳಿಸಬೇಕೆಂದು 1960ರ ಕಾನೂನು ಹೇಳುತ್ತದೆ. ಆದರೆ ಸಾಲ ಕೊಟ್ಟವನು ಪಕ್ಕದ ಮನೆಯವನು, ಮಗಳ ಮದುವೆಗೆ ದುಡಿದವನು. ಅವನ ಮುಂದೆ ಕಾನೂನಿನ ಪುಸ್ತಕ ಬಿಚ್ಚಲು ಎಂತಹ ಬಡವನಿಗೂ ನಾಲಿಗೆ ಏಳುವುದು ಕಷ್ಟ.

ಯೋಗ್ಯಕರ್ತದ ಸೀಮೆಯಲ್ಲಿ ಊರಿಗೂ ಆಸ್ತಿಯಿದೆ. ಊರ ಮುಖ್ಯಸ್ಥನಾದ ಲೂರಾ, ಕಾರ್ಯದರ್ಶಿ, ಪ್ರತಿ ಪಾಡಿಯ ದುಕು ಇವರಿಗೆ ಅಧಿಕಾರದಲ್ಲಿ ಇರುವವರೆಗೆ ಉಂಬಳಿಯಾಗಿ ಸಿಗುವ ಗದ್ದೆ ಪೆಲುಂಗು. ನಿವೃತ್ತರಾದವರ ಜೀವನಕ್ಕೆ ಬಿಟ್ಟದ್ದು ಪೆಂಗಾರೆಮ್-ಆರೆಮ್, ಎಂದರೆ ನೆಮ್ಮದಿಯ ಗದ್ದೆ. ಮಿಕ್ಕದ್ದು ಊರ ಬೊಕ್ಕಸದ ಭೂಮಿ. ಯಾರದೂ ಅಲ್ಲದ, ಎಲ್ಲರದೂ ಆದ ಆಸ್ತಿಗೆ ಎಲ್ಲೆಡೆ ಇರುವ ಅಪಾಯ ಇಲ್ಲಿಯೂ ಇದೆ. ಬೊಕ್ಕಸದ ಭೂಮಿಯಲ್ಲಿ ಅನುಮತಿಯಿಲ್ಲದೆ ಬಡಾವಣೆಗಳು ಎದ್ದು, ಮೊಕದ್ದಮೆ ನ್ಯಾಯಾಲಯ ತಲುಪಿದ್ದುಂಟು. ಇವೆಲ್ಲದರಾಚೆಗೆ ಸುಲ್ತಾನನ ಭೂಮಿಯೂ ಇದೆ. ಇಂಡೋನೇಷಿಯಾ ಗಣರಾಜ್ಯವಾದರೂ ಯೋಗ್ಯಕರ್ತದ ಸುಲ್ತಾನನೇ ಪ್ರಾಂತದ ರಾಜ್ಯಪಾಲ. 2012ರ ಕಾನೂನು ಅರಮನೆಗೆ ಭೂಮಿಯ ಒಡೆತನವನ್ನು ಮತ್ತೆ ಖಚಿತಪಡಿಸಿತು. ಅಂತಹ ನೆಲದಲ್ಲಿ ತಲೆಮಾರುಗಳಿಂದ ಮನೆ ಕಟ್ಟಿಕೊಂಡಿರುವವರಿಗೆ ವಾಸದ ಹಕ್ಕಿದೆ, ಮಾರುವ ಹಕ್ಕಿಲ್ಲ.

ನೆಲದ ಒಡೆಯನು ಯಾರು, ದೊರೆಯೋ ಉಳುವವನೋ ಎಂಬ ಪ್ರಶ್ನೆಯನ್ನು ಇಲ್ಲಿ ಕಾಗದಕ್ಕಿಳಿಸಲು ಯತ್ನಿಸಿದವರಲ್ಲಿ ಮೈಸೂರನ್ನು ಬಲ್ಲವನೊಬ್ಬನಿದ್ದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು, ಶಾಸನ ಕೈಫಿಯತ್ತುಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿಯೇ ಅವನು. 1811ರಲ್ಲಿ ಇಂಗ್ಲಿಷರು ಡಚ್ಚರಿಂದ ಜಾವಾವನ್ನು ಕಸಿದಾಗ ದಂಡಿನೊಡನೆ ಹೋದ ಮೆಕೆಂಜಿ ಅಲ್ಲಿನ ಭೂಹಿಡುವಳಿಗಳನ್ನು ವಿಚಾರಿಸಿದ ಆಯೋಗವನ್ನು ನಡೆಸಿದ. ಅದರ ಬೆನ್ನಲ್ಲೇ ರಾಫೆಲ್ಸ್ ಭೂಕಂದಾಯ ಪದ್ಧತಿಯನ್ನು ತಂದ. ಆಮೇಲೆ ಮರಳಿದ ಡಚ್ಚರು 1830ರಿಂದ ಜಾವಾದ ಬಹುಭಾಗದಲ್ಲಿ ಊರ ಭೂಮಿಯ ಐದರಲ್ಲೊಂದು ಪಾಲಿನಲ್ಲಿ ಕಬ್ಬು, ನೀಲಿಗಳನ್ನು ಬಲವಂತವಾಗಿ ಬೆಳೆಸಿದರು. ಬಾಂತುಲ್ ಅರಮನೆಯ ಸೀಮೆಯಾದ್ದರಿಂದ ಇಲ್ಲಿ ಬಿಳಿಯ ತೋಟಗಾರರು ಜಹಗೀರುದಾರರಿಂದ ನೆಲವನ್ನು, ಅದರೊಡನೆ ರೈತರ ದುಡಿಮೆಯನ್ನೂ, ಗುತ್ತಿಗೆ ಪಡೆದರು. ಕಬ್ಬಿನ ಕಾಲ ಪೂರ್ತಿ ಮುಗಿದಿಲ್ಲ. 1958ರಲ್ಲಿ ಆರಂಭವಾದ ಮಡುಕಿಸ್ಮೊ ಸಕ್ಕರೆ ಕಾರ್ಖಾನೆಯ ಚಿಮಣಿ ಇಂದಿಗೂ ಗದ್ದೆಗಳ ಮೇಲೆ ಕಾಣುತ್ತದೆ.

ಈಗಿನ ಆತಂಕ ಕಾಗದದ್ದು. ಬಹಳ ಕುಟುಂಬಗಳ ಬಳಿ ಇರುವುದು ಊರ ಕಚೇರಿಯ ಲೆತರ್ ಸೆ ಎಂಬ ದಪ್ಪ ಪುಸ್ತಕದಲ್ಲಿನ ಒಂದು ಸಾಲು ಮಾತ್ರ. ಅದು ಮೂಲತಃ ತೆರಿಗೆಯ ದಾಖಲೆ, ಒಡೆತನದ ಪತ್ರವಲ್ಲ. ಹಲವೆಡೆ ಹೆಸರು ತೀರಿಹೋದ ಅಜ್ಜನದೇ. 2021ರ ಸರಕಾರಿ ನಿಯಮದ ಪ್ರಕಾರ ಐದು ವರ್ಷಗಳೊಳಗೆ ನೋಂದಾಯಿಸದ ಹಳೆಯ ದಾಖಲೆಗಳು ಹಕ್ಕಿನ ಪುರಾವೆಯಾಗಿ ಉಳಿಯವು, ಬರಿಯ ಸೂಚನೆಯಷ್ಟೇ ಆಗುತ್ತವೆ. ನೋಂದಾಯಿಸಬೇಕಾದರೆ ವಾರಸುದಾರರೆಲ್ಲರ ಸಹಿ ಬೇಕು. ಒಬ್ಬ ಜಕಾರ್ತದ ಕಾರ್ಖಾನೆಯಲ್ಲಿ, ಒಬ್ಬಳು ಮಲೇಷಿಯಾದ ಯಾರದೋ ಮನೆಯಲ್ಲಿ, ಇನ್ನೊಬ್ಬ ಸುಮಾತ್ರಾದ ತಾಳೆತೋಟದಲ್ಲಿ. ಸಾಲದ್ದಕ್ಕೆ ಭಾಷೆಯ ತೊಡಕು. ಪ್ರಮಾಣಪತ್ರ ಇಂಡೋನೇಷಿಯನ್ ಭಾಷೆಯಲ್ಲಿ ಬರುತ್ತದೆ. ಗದ್ದೆಯ ಮಾತು, ಹಂಚಿಕೆಯ ಮಾತು, ಜಗಳದ ಮಾತೂ ಜಾವಾ ನುಡಿಯಲ್ಲಿ. ಹಿರಿಯರ ಪೆಟ್ಟಿಗೆಯಲ್ಲಿ ಉಳಿದ ಹಳೆಯ ಕಾಗದಗಳು ಜಾವಾ ಲಿಪಿಯಲ್ಲಿದ್ದರೆ ಮೊಮ್ಮಗ ಅದನ್ನು ಓದಲಾರ. ಕನ್ನಡದಂತೆಯೇ ಬ್ರಾಹ್ಮಿಯಿಂದ ಇಳಿದು ಬಂದ ಆ ಲಿಪಿಯನ್ನು ಶಾಲೆಯಲ್ಲಿ ಕಲಿಸುತ್ತಾರೆ, ವಾರಕ್ಕೆ ಕೆಲವೇ ಪಾಠ. ಕೋಟಿಗಟ್ಟಲೆ ಜನ ಆಡುವ ನುಡಿಗೆ ಸ್ವಂತ ನೆಲದ ಕಚೇರಿಯಲ್ಲಿ ಪೀಠವಿಲ್ಲದ ಈ ಸ್ಥಿತಿಯನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಳತೆಯವರು ಬರುವ ದಿನ ಊರಿನಲ್ಲಿ ಒಂದು ಬಗೆಯ ಬಿಗುವು. ಗದ್ದೆಯ ನಾಲ್ಕು ಮೂಲೆಗೆ ಗೂಟ ನೆಡಬೇಕು, ಪಕ್ಕದ ಗದ್ದೆಯವರು ಬಂದು ಒಪ್ಪಬೇಕು. ಅಣ್ಣ ಬದುವಿನ ಈಚೆ, ತಮ್ಮ ಆಚೆ. ಪ್ರತಿ ಮಳೆಗಾಲದ ಮೊದಲಿಗೆ ಇಬ್ಬರೂ ತಂತಮ್ಮ ಕಡೆಯಿಂದ ಹುಲ್ಲು ಕೆತ್ತಿ, ಕೆಸರು ಮೆತ್ತಿ, ಗುದ್ದಲಿಯಿಂದ ನಯಗೊಳಿಸಿದ ಬದು ಅದು. ಕೆತ್ತಿದ್ದು ಹೆಚ್ಚೋ ಮೆತ್ತಿದ್ದು ಹೆಚ್ಚೋ ಎಂದು ಯಾರೂ ಈವರೆಗೆ ಬಾಯಿಬಿಟ್ಟು ಕೇಳಿಲ್ಲ. ಅಧಿಕಾರಿ ಟೇಪು ಹಿಡಿದು ಕಾಯುತ್ತಾನೆ. ಅತ್ತಿಗೆ ಮನೆಯಿಂದ ಸಕ್ಕರೆ ಹೆಚ್ಚಾದ ಬಿಸಿ ಚಹಾ, ಬೇಯಿಸಿದ ಮರಗೆಣಸು ತರುತ್ತಾಳೆ. ತಮ್ಮ ಗೌರವದ ಕ್ರಾಮ ನುಡಿಯಲ್ಲಿ ಅಣ್ಣನೇ ಮೊದಲು ಗೂಟ ನೆಡಲಿ ಎನ್ನುತ್ತಾನೆ. ಅಣ್ಣ ಗೂಟ ಕೈಗೆತ್ತಿಕೊಂಡು ಬದುವಿನ ನಡುವನ್ನು ಹುಡುಕುತ್ತಾನೆ.