ಗಿಂಡಿಯೊಳಗಿನ ಕಾಡು

ದಕ್ಷಿಣ ಆಫ್ರಿಕಾದಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ರಜೆಗೆಂದು ಚೆನ್ನೈಗೆ ಬಂದಿದ್ದ. ಬಂದ ದಿನ ರಾತ್ರಿಯೇ ಊಟ ಮುಗಿಸಿ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಫೋಟೋಗಳನ್ನು ತೋರಿಸಲು ಕುಳಿತ. ಆನೆಗಳ ಹಿಂಡು, ರಸ್ತೆಯ ಮೇಲೇ ಮಲಗಿದ ಸಿಂಹ, ನೀರಿಗೆ ಬಗ್ಗಿದ ಜಿರಾಫೆ. ಮನೆಮಂದಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. 1926ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಆ ಕಾಡಿನ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ತುದಿಯಿಂದ ತುದಿಗೆ ಹೋದರೆ ಚೆನ್ನೈಯಿಂದ ಬೆಂಗಳೂರು ಮುಟ್ಟಿದಷ್ಟು ದೂರ!

"ಮಾಮಾ, ನಿಮ್ಮ ಚೆನ್ನೈದಾಗ ಏನೈತಿ?" ಎಂದು ಕೇಳಿದ. ನನಗೂ ಸ್ವಲ್ಪ ರೋಷ ಬಂತು. "ಊರ ನಡುವನ ಒಂದು ನ್ಯಾಷನಲ್ ಪಾರ್ಕ್ ಐತಿ, ತೋರಸ್ತೀನಿ ಬಾ" ಎಂದೆ. ಗಿಂಡಿಯ ವಿಸ್ತೀರ್ಣ 2.7 ಚದರ ಕಿಲೋಮೀಟರ್ ಎಂದಾಗ ನಕ್ಕುಬಿಟ್ಟ. ಕ್ರೂಗರ್ ಹಂಡೆಯಾದರೆ ನಮ್ಮದು ಹೆಸರಿಗೆ ತಕ್ಕ ಹಾಗೆ ಗಿಂಡಿಯೇ ಸರಿ.

ನಿಜ ಹೇಳಬೇಕೆಂದರೆ, ಮೂವತ್ತು ವರ್ಷ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದ ನಾನೂ ಮಕ್ಕಳ ಉದ್ಯಾನವನ್ನು ದಾಟಿ ಒಳಗೆ ಹೋದವನಲ್ಲ. ಒಳಗಿನ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದನ್ನು ಪಡೆದು, ಮಾರ್ಗಳಿಯ ಒಂದು ತಂಪಾದ ಬೆಳಗ್ಗೆ ಇಬ್ಬರೂ ಹೊರಟೆವು. ಜೊತೆಗೆ ಒಬ್ಬ ಅರಣ್ಯ ರಕ್ಷಕರು ಬಂದರು.

ನೂರು ಹೆಜ್ಜೆ ನಡೆಯುವಷ್ಟರಲ್ಲಿ ಸರ್ದಾರ್ ಪಟೇಲ್ ರಸ್ತೆಯ ಹಾರನ್ನುಗಳು ಕ್ಷೀಣವಾದವು. ಮರಗಳ ನೆರಳಲ್ಲಿ ಚುಕ್ಕೆ ಜಿಂಕೆಗಳು ಮೆಲುಕು ಹಾಕುತ್ತ ಮಲಗಿದ್ದವು. ಅಳಿಯನಿಗೆ ಅದೇನೂ ದೊಡ್ಡದೆನಿಸಲಿಲ್ಲ. ಮುಂದೆ ಮರಗಳು ಸರಿದು ಹುಲ್ಲುಬಯಲು ತೆರೆದುಕೊಂಡಿತು. ಅರಣ್ಯ ರಕ್ಷಕರು ಕೈ ತೋರಿಸಿ ಮೆಲ್ಲನೆ, "ವೆಳಿಮಾನ್" ಎಂದರು.

ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಿರುಚಿದ ಉದ್ದನೆಯ ಕೊಂಬು. ಕೃಷ್ಣಮೃಗ! ಆಚೆಗೆ ಕೊಂಬಿಲ್ಲದ ಮೂರು ಹೆಣ್ಣುಗಳು. "ಇಂಪಾಲಾ ಇದ್ಹಾಂಗ ಐತಲ್ಲ" ಎಂದು ಶುರುಮಾಡಿದ ಅಳಿಯ ಅಷ್ಟಕ್ಕೇ ನಿಲ್ಲಿಸಿ ಕ್ಯಾಮೆರಾ ಎತ್ತಿದ. ಎಷ್ಟೋ ಹೊತ್ತಿನ ಮೇಲೆ, "ಇದು ಅಲ್ಲಿ ಇಲ್ಲ ಮಾಮಾ" ಎಂದ. ಹೌದು, ಇದು ನಮ್ಮ ಭರತಖಂಡದ ಪ್ರಾಣಿ.

ತಮಿಳಿನಲ್ಲಿ ವೆಳಿ ಎಂದರೆ ಬಯಲು. ಬಯಲಿನ ಜಿಂಕೆ! ಎಷ್ಟು ಸರಿಯಾದ ಹೆಸರು ನೋಡಿ. ಇದಕ್ಕೆ ಓಟವೇ ರಕ್ಷಣೆ. ದೂರದ ಅಪಾಯ ಕಣ್ಣಿಗೆ ಬೀಳಬೇಕು, ಓಡಲು ಜಾಗ ಬೇಕು. ಬಯಲಿನ ಅಂಚಿನಲ್ಲಿ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿಯನ್ನು ತೋರಿಸಿ ಅರಣ್ಯ ರಕ್ಷಕರು ತಲೆಯಾಡಿಸಿದರು. ಗಿಡ ಹಬ್ಬಿದರೆ ಚುಕ್ಕೆ ಜಿಂಕೆಗೆ ನೆರಳಾಯಿತು, ಕೃಷ್ಣಮೃಗಕ್ಕೆ ಮನೆ ಹೋಯಿತು. ಹಸಿರೆಲ್ಲ ಒಳ್ಳೆಯದೇ ಎಂದು ನಂಬಿದ್ದ ನನಗೆ ಇದು ಹೊಸ ಪಾಠ.

ಹೊಸದೆಂದರೂ ಸುಳ್ಳೇ. ನಮ್ಮ ಕಡೆ ಇದನ್ನು ಚಿಗರಿ ಎನ್ನುತ್ತೇವೆ. ರಾಣೇಬೆನ್ನೂರಿನ ಬಯಲು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಆದರೆ ಆ ಬಯಲಿನಲ್ಲಿ ಸಾಲುಸಾಲಾಗಿ ನೀಲಗಿರಿ ನೆಟ್ಟಿದ್ದರು. ಚಿಗರಿ ಹೇಗೋ ಹೊಂದಿಕೊಂಡಿತು. ಎರೆಭೂತ ಹಕ್ಕಿ ಮಾತ್ರ ಅಲ್ಲಿಂದ ಕಾಣೆಯಾಯಿತು. ಹುಡುಗನಾಗಿದ್ದಾಗ ಆ ನೀಲಗಿರಿ ತೋಪನ್ನೇ ಕಾಡೆಂದು ತಿಳಿದು ಹಿಗ್ಗಿದವನು ನಾನು.

ಇನ್ನು ಗಿಂಡಿಯ ಕಥೆ. ರಾಜ್ಯಪಾಲರ ಬಂಗಲೆಗೆ ಸೇರಿದ್ದ ಈ ಜಾಗದಲ್ಲಿ 1910ರಲ್ಲಿ ಕಾಯ್ದಿಟ್ಟ ಅರಣ್ಯವೆಂದು ಗುರುತಿಸಿದ್ದು ಸುಮಾರು 505 ಹೆಕ್ಟೇರ್. ಆಮೇಲೆ ಐ.ಐ.ಟಿ. ಬಂತು, ಸ್ಮಾರಕಗಳು ಬಂದವು, ಬೇರೆ ಬೇರೆ ಸಂಸ್ಥೆಗಳು ಬಂದವು. 1978ರಲ್ಲಿ ರಾಷ್ಟ್ರೀಯ ಉದ್ಯಾನವಾಗುವ ಹೊತ್ತಿಗೆ ಉಳಿದದ್ದು 270 ಹೆಕ್ಟೇರ್. ಬಂದದ್ದೆಲ್ಲ ಬೇಕಾದದ್ದೇ, ಯಾವುದನ್ನು ಬೇಡವೆನ್ನೋಣ? ಹೀಗೆ ಕಾಡಿನಿಂದ ಕತ್ತರಿಸಿಕೊಂಡ ಜಾಗದ ಒಂದು ಕಚೇರಿಯಲ್ಲೇ ನಾನು ನಿವೃತ್ತಿಯಾಗುವವರೆಗೆ ದುಡಿದದ್ದು. ನನ್ನ ಮಕ್ಕಳ ಓದು, ಮದುವೆ ಎಲ್ಲ ನಡೆದದ್ದು ಆ ಸಂಬಳದಲ್ಲೇ. ಅಳಿಯನಿಗೆ ಇದನ್ನು ಹೇಳಲು ಅಂದು ನಾಲಿಗೆ ಏಳಲಿಲ್ಲ.

ಮನೆಗೆ ಬಂದು ತಂಗಿಗೆ ಫೋನು ಮಾಡಿದೆ. "ಚಿಗರಿ ನೋಡಿ ಬಂದ್ವಿ."

"ಊರಿಗೆ ಯಾವಾಗ ಬಂದಿರಿ? ಮನಿಗೆ ಯಾಕ ಬರಲಿಲ್ಲ?" ಎಂದು ಜಗಳಕ್ಕೇ ನಿಂತಳು.