ಒಂದು ದಿನದ ಸೇಂದಿ, ಒಂದು ವರ್ಷದ ಬಿಯರು!

ಸಿನಿಮಾದಲ್ಲಿ ಖಳನಾಯಕ ಗಟಗಟನೆ ಇಳಿಸುವ ವಿಸ್ಕಿ ನಿಜಕ್ಕೂ ವಿಸ್ಕಿಯಲ್ಲ ಎಂಬ ಗುಟ್ಟು ಈ ಪುಟಗಳ ಓದುಗರಿಗೆ ಹೊಸದೇನಲ್ಲ. ಹಾಲು ಹಾಕದ ಟೀ ಡಿಕಾಕ್ಷನ್, ಇಲ್ಲವೇ ಗ್ಯಾಸು ಹೋದ ಕೋಲಾ! 1953ರ ತೆಲುಗು 'ದೇವದಾಸು' ಚಿತ್ರದಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಅವರ ಆ ಮತ್ತಿನ ಕಣ್ಣುಗಳಿಗೆ ಕಾರಣ ಬಾಟಲಿಯಲ್ಲ, ರಾತ್ರಿ ಶೂಟಿಂಗಿಗೆ ಮುಂಚೆ ಹೊಟ್ಟೆ ತುಂಬ ತಿಂದ ಮೊಸರನ್ನ ಎಂಬ ಮಾತು ಸಿನಿಮಾ ಮಂದಿಯಲ್ಲಿ ಬಹಳ ಹಳೆಯದು. ನಮ್ಮ ಅಣ್ಣಾವ್ರಂತೂ ತೆರೆಯ ಮೇಲೆ ಬಾಟಲಿ, ಸಿಗರೇಟು ಎರಡನ್ನೂ ದೂರವಿಟ್ಟೇ ಜನರ ಮನಸ್ಸು ಗೆದ್ದವರು.

ಹಾಗಾದರೆ ನಿಜವಾದ ಬಾಟಲಿಯ ಕಥೆ ಏನು ಸ್ವಾಮಿ? ಅದನ್ನು ಹೇಳುವುದಕ್ಕೇ ಈ ಬರಹ....

ಮೊದಲು ನನ್ನ ಪರಿಚಯ. ರಾಯಚೂರು ತಾಲ್ಲೂಕಿನ ಗುಂಜಹಳ್ಳಿಯವನು. ವಯಸ್ಸು ಇಪ್ಪತ್ತೆಂಟು. ಪಿ.ಯು.ಸಿ.ಗೆ ಅರ್ಧದಲ್ಲೇ ದೊಡ್ಡ ನಮಸ್ಕಾರ ಹೊಡೆದು ಪೆನ್ನು ಹಿಡಿದವನು. ಬರೆದರೆ ಕಾಸು, ಬರೆಯದಿದ್ದರೆ ಖಾಲಿ ಕಿಸೆ. ಇಂಥವನ ಕೈಗೆ ಅಮೆರಿಕದ ಬಾಟಲಿ ಎಲ್ಲಿಂದ ಬಂತು ಅಂತೀರಾ? ಗಾಂಧಿನಗರದ ಒಂದು ಲಾಡ್ಜಿನ ರೂಮಿನಲ್ಲಿ. ಸೌಂಡ್ ವಿಭಾಗದ ಗೆಳೆಯನೊಬ್ಬನ ಅಣ್ಣ ಚಿಕಾಗೋದಿಂದ ಬಂದಿದ್ದ. ಸೂಟ್‌ಕೇಸಿನೊಳಗೆ ಎರಡು ಸ್ವೆಟರಿನಲ್ಲಿ ಮಗುವಿನ ಹಾಗೆ ಸುತ್ತಿಟ್ಟಿದ್ದ ಅರ್ಧ ಲೀಟರಿನ ಕಪ್ಪು ಬಾಟಲಿ ಹೊರಗೆ ತೆಗೆದ. ನಾವು ನಾಲ್ಕು ಜನ. ಲೋಟಕ್ಕೆ ಅಳೆದು ಅಳೆದು ಹಾಕಿದ.

"ಇದೇನೋ, ಪ್ರಸಾದ ಹಂಚ್ತಿದೀಯ?" ಅಂದೆ.

"ಕುಡಿದ ಮೇಲೆ ಮಾತಾಡು," ಅಂದ.

ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಟ್ರಾಂಗ್ ಬಿಯರಿನ ಚೀಟಿಯ ಮೇಲೆ ಆಲ್ಕೋಹಾಲು ಶೇಕಡ 8 ಮೀರದು ಎಂದು ಬರೆದಿರುತ್ತದಲ್ಲ? ಈ ಬಾಟಲಿಯದು ಶೇಕಡ 14ರ ಆಸುಪಾಸು! ಹೆಸರು ಬೌರ್ಬನ್ ಕೌಂಟಿ ಸ್ಟೌಟ್. ಚಿಕಾಗೋದ ಗೂಸ್ ಐಲ್ಯಾಂಡ್ ಎಂಬ ಕಾರ್ಖಾನೆ 1990ರ ದಶಕದಲ್ಲಿ ಶುರು ಮಾಡಿದ ಪದ್ಧತಿ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ ಬಿಡುಗಡೆ. ನಮ್ಮಲ್ಲಿ ದೊಡ್ಡ ಹೀರೋ ಪಿಕ್ಚರಿನ ಮೊದಲ ದಿನಕ್ಕೆ ಟಿಕೆಟ್ಟಿಗಾಗಿ ನಿಲ್ಲುವ ಹಾಗೆ ಅಲ್ಲಿ ಚಳಿಯಲ್ಲಿ ಕ್ಯೂ ನಿಲ್ಲುತ್ತಾರಂತೆ ಜನ!

ಇನ್ನು ರುಚಿ. ಬಣ್ಣ ಸೀಮೆಎಣ್ಣೆ ದೀಪದ ಕಾಡಿಗೆಯ ಹಾಗೆ. ನೊರೆ ಅನ್ನೋದು ಹೆಸರಿಗೆ ಮಾತ್ರ. ಮೂಗಿನ ಹತ್ತಿರ ತಂದರೆ ಮೊದಲು ಬೆಲ್ಲದ ಪಾಕ, ಆಮೇಲೆ ಐಸ್‌ಕ್ರೀಮಿನ ವೆನಿಲ್ಲಾ, ಅದರ ಹಿಂದೆಯೇ ಬಡಗಿ ಹೊಸ ಬಾಗಿಲು ಹೆರೆಯುವಾಗ ಬರುವ ಕಟ್ಟಿಗೆಯ ವಾಸನೆ. ನಾಲಿಗೆಗೆ ಇಟ್ಟರೆ ಬಿಯರಿನ ತೆಳುವು ಎಲ್ಲೂ ಇಲ್ಲ, ಎಣ್ಣೆಯಂತೆ ದಪ್ಪ. ಹೆಂಚಿನ ಮೇಲೆ ಕರಕಾದ ಜೋಳದ ರೊಟ್ಟಿಯ ಅಂಚಿನ ಕಹಿ, ಒಣದ್ರಾಕ್ಷಿಯ ಸಿಹಿ, ಸಕ್ಕರೆ ಹಾಕದ ಕಾಫಿ. ಗಂಟಲಿನಿಂದ ಇಳಿದ ಮೇಲೆ ಎದೆಯಲ್ಲಿ ನಿಧಾನವಾಗಿ ಹತ್ತುವ ಬಿಸಿ. ಇದನ್ನು ಗಟಗಟನೆ ಕುಡಿಯುವ ಮಾತೇ ಇಲ್ಲ. ಒಂದು ಲೋಟಕ್ಕೆ ಒಂದು ಗಂಟೆ. ಕುಡಿಯುತ್ತ ಹೋದಂತೆ ಬಿಯರು ಬೆಚ್ಚಗಾಗುತ್ತದೆ, ರುಚಿಯೂ ಬದಲಾಗುತ್ತದೆ. ಕೊನೆಯ ಗುಟುಕು ಮೊದಲನೆಯದರ ಅಣ್ಣನೋ ತಮ್ಮನೋ ಅನ್ನಬಹುದು, ಅದೇ ಅನ್ನುವ ಹಾಗಿಲ್ಲ!

ಈ ರುಚಿಯ ಗುಟ್ಟು ಪೀಪಾಯಿಯಲ್ಲಿದೆ. ಅಮೆರಿಕದ ಕಾನೂನಿನ ಪ್ರಕಾರ ಬೌರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕು. ಒಂದು ಸಲ ಬೌರ್ಬನ್ ತುಂಬಿದ್ದನ್ನು ಮತ್ತೆ ಬೌರ್ಬನ್ನಿಗೆ ಬಳಸುವಂತಿಲ್ಲ. ಹಾಗಾಗಿ ಖಾಲಿ ಪೀಪಾಯಿಗಳು ಸಿಗುತ್ತವೆ. ಅವುಗಳೊಳಗೆ ಬಿಯರು ತುಂಬಿ ಸುಮಾರು ಒಂದು ವರ್ಷ ಮಲಗಿಸುತ್ತಾರೆ. ಬೇಸಿಗೆಯಲ್ಲಿ ಬಿಯರು ಹಿಗ್ಗಿ ಕಟ್ಟಿಗೆಯೊಳಕ್ಕೆ ಇಳಿಯುತ್ತದೆ, ಚಳಿಯಲ್ಲಿ ಕುಗ್ಗಿ ಹೊರಕ್ಕೆ ಬರುತ್ತದೆ. ಬರುವಾಗ ಸುಟ್ಟ ಕಟ್ಟಿಗೆಯ ವೆನಿಲ್ಲಾವನ್ನೂ ಹಿಂದಿನ ಬಾಡಿಗೆದಾರ ವಿಸ್ಕಿಯನ್ನೂ ಹೊತ್ತು ತರುತ್ತದೆ. ಅಂದರೆ ಅಲ್ಲಿ ಕೆಲಸ ಮಾಡುವುದು ಮನುಷ್ಯನಲ್ಲ, ಕಾಲ!

ಪೀಪಾಯಿ ವಿದ್ಯೆ ನಮ್ಮ ನಾಡಿಗೂ ಗೊತ್ತು. 1948ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ವಿಸ್ಕಿಯ ತವರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಮೀಸೆ ತಿರುವಿತು. ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲಿಗೆ 'ದೇವತೆಗಳ ಪಾಲು' ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇಕಡ 2ರ ಸುತ್ತಮುತ್ತ. ಬೆಂಗಳೂರಿನಲ್ಲಿ 10ರಿಂದ 12! ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುವ ನಮ್ಮ ರಾಯಚೂರಿನಲ್ಲಿ ಪೀಪಾಯಿ ಇಟ್ಟರೆ ಏನಾದೀತು, ನೀವೇ ಲೆಕ್ಕ ಹಾಕಿ.

ಆ ರೂಮಿನಲ್ಲಿ ಲೋಟ ಹಿಡಿದು ಕೂತಾಗ ನನಗೆ ನೆನಪಾದದ್ದು ನಮ್ಮ ಸೋದರಮಾವ. ಮಾವ ಈಚಲು ಮರ ಏರುತ್ತಿದ್ದವನು. ಸೊಂಟಕ್ಕೆ ಹಗ್ಗ, ಬೆನ್ನಿಗೆ ಬಾಚಿ, ಮಡಕೆ. ಅವನ ಸೇಂದಿಗೆ ಪೀಪಾಯಿಯೂ ಇಲ್ಲ, ವರ್ಷವೂ ಇಲ್ಲ. ರಾತ್ರಿ ಕಟ್ಟಿದ ಮಡಕೆಯಲ್ಲಿ ಬೆಳಗಿನ ಜಾವ ಇಳಿದ ರಸ ಎಳನೀರಿನಂತೆ ಸಿಹಿ. ಗಾಳಿಯಲ್ಲೂ ಮಡಕೆಯಲ್ಲೂ ಇರುವ ಈಸ್ಟು ಸುಮ್ಮನಿರುತ್ತದೆಯೇ? ಬಿಸಿಲೇರುವಷ್ಟರಲ್ಲಿ ನೊರೆ, ಮಧ್ಯಾಹ್ನಕ್ಕೆ ಮತ್ತು, ಸಂಜೆಗೆ ಹುಳಿ. ಮಾರನೆಯ ದಿನ ಅದನ್ನು ಕುಡಿಯುವುದಕ್ಕಿಂತ ಉಪ್ಪಿನಕಾಯಿಗೆ ಹಾಕುವುದು ಲೇಸು. ಬಿಯರಿಗೆ ಒಂದು ವರ್ಷ, ಸೇಂದಿಗೆ ಒಂದು ದಿನ. ಆದರೆ ಎರಡಕ್ಕೂ ಹೊತ್ತು ಗೊತ್ತು. ಯಾವ ಗಳಿಗೆಯಲ್ಲಿ ರುಚಿ ನಿಲ್ಲುತ್ತದೆ ಅನ್ನುವುದನ್ನು ಮಾವ ಮಡಕೆಯ ಬಾಯಿಗೆ ಮೂಗು ಹಿಡಿದೇ ಹೇಳುತ್ತಿದ್ದ.

2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆ ಬಿಟ್ಟರೆ ರಾಜ್ಯದಲ್ಲಿ ಸೇಂದಿ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಮಾವನ ಬಾಚಿ ಮೂಲೆ ಸೇರಿತು. ಸೇಂದಿ ಮಾತ್ರ ಹೋಗಲಿಲ್ಲ ಕಣ್ರೀ! ಮರವಿಲ್ಲದ ಸೇಂದಿ ಬಂತು. ಗಡಿಯಾಚೆಯಿಂದ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಪಾಕೀಟಿನಲ್ಲಿ. ನೀರು, ಸ್ಯಾಕರಿನ್, ಮತ್ತಿಗೆ ಸಿ.ಎಚ್. ಪೌಡರ್.

ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್. ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನ ವೈದ್ಯರು ನಿದ್ದೆ ಬಾರದವರಿಗೆ ಅಳೆದು ಕೊಡುತ್ತಿದ್ದ ಔಷಧ. ಇಲ್ಲಿ ಅಳತೆ ಎಲ್ಲಿಯದು? ಕೈಗೆ ಬಂದಷ್ಟು. ಹುಳಿ ಬರಲು ಸಂಜೆಯವರೆಗೆ ಕಾಯಬೇಕಿಲ್ಲ, ನಶೆ ತಕ್ಷಣ. ಕುಡಿದರೆ ಒಂದು ಕಷ್ಟ, ಬಿಟ್ಟರೆ ಎರಡು. ಕೈ ನಡುಕ, ಫಿಟ್ಸು, ಇಲ್ಲದ್ದು ಕಣ್ಣಿಗೆ ಕಾಣುವುದು. 2015ರಲ್ಲಿ ಪಕ್ಕದ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ದಾಳಿ ಬಿಗಿಯಾದಾಗ, ಅದು ಸಿಗದೆ ಹುಚ್ಚರಂತೆ ಆದವರು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದು ಪತ್ರಿಕೆಗಳಲ್ಲೆಲ್ಲ ಬಂತು.

ನಮ್ಮ ಮಾವನೂ ಹಾಗೇ ಆದ. ಅಸಲಿ ರಸ ಇಳಿಸಿದ ಕೈ, ನಕಲಿಯ ಪಾಕೀಟಿಗೆ ಚಾಚಿತು. ಒಂದು ರಾತ್ರಿ ಗೋಡೆಯ ಮೇಲೆ ಹಾವು ಹರಿದಾಡಾಕತ್ಯಾವ ಅಂತ ಕೂಗಾಡಿದ. ಹಾವೂ ಇಲ್ಲ, ಹಲ್ಲಿಯೂ ಇಲ್ಲ. ಹಗ್ಗದಿಂದ ಮಂಚಕ್ಕೆ ಕಟ್ಟಬೇಕಾಯಿತು. ಹದಿನೇಳು ದಿನ ಆಸ್ಪತ್ರೆ. ಬದುಕಿದ. ಈಗ ನಾಲ್ಕು ಆಡು ಮೇಯಿಸಿಕೊಂಡು ಇದ್ದಾನೆ. ಬರೀ ಚಹಾ.

ನಮ್ಮ ಅವ್ವ ಅವನ ತಂಗಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಗಬೇಕು ಎಂದು ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರಲ್ಲ, ಸುಮಾರು ಇನ್ನೂರು ಕಿಲೋಮೀಟರು, ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರಲ್ಲ, ಅದರಲ್ಲಿ ನಮ್ಮವ್ವನೂ ಒಬ್ಬಳು. ರಾಯಚೂರು ಕಡೆಯವರೇ ಬಹಳ. ಕಾಲಲ್ಲಿ ಬೊಬ್ಬೆ, ತಲೆ ಮೇಲೆ ಗಂಟು. ನಿಷೇಧವೇನೂ ಬರಲಿಲ್ಲ. ಅಬಕಾರಿ ದುಡ್ಡಿಲ್ಲದೆ ಬೊಕ್ಕಸ ನಡೆಯುವುದಿಲ್ಲ ಎಂಬ ಸಂಗತಿ ಪಿ.ಯು.ಸಿ. ಮುಗಿಸದ ನನಗೂ ಗೊತ್ತು.

ಅವ್ವನ ಎದುರು ಬಿಯರಿನ ಗುಣಗಾನ ಮಾಡುವುದುಂಟೇ? ಆದರೂ ಖಾಲಿ ಬಾಟಲಿ ತೊಳೆಯದೆ ಬ್ಯಾಗಿನಲ್ಲಿಟ್ಟುಕೊಂಡು ಊರಿಗೆ ಹೋದೆ. ಚೀಟಿ ಚೆಂದವಿತ್ತು, ಬರೆಯುವಾಗ ಬೇಕಾಗುತ್ತದೆ ಎಂದು. ಮಾವ ನೋಡಿದ.

"ಏನಲೇ ಅದು?"

"ಅಮೇರಿಕಾದ ಬಿಯರು ಮಾವ. ಖಾಲಿ ಐತಿ."

"ಕುಡಿಯಂಗಿಲ್ಲೋ ಮಾರಾಯಾ, ಮೂಸತೀನಿ ಅಷ್ಟ. ಕೊಡಿಲ್ಲಿ."

ಬಿರಡೆ ತೆಗೆದು ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ. ಹಿಂದೆ ಮಡಕೆಯ ಬಾಯಿಗೆ ಹಿಡಿಯುತ್ತಿದ್ದನಲ್ಲ, ಅದೇ ಭಂಗಿ! ಅಷ್ಟೆಲ್ಲ ವಿಷ ಹೊಕ್ಕ ಮೈಯಲ್ಲಿ ಮೂಗು ಮಾತ್ರ ಕೆಟ್ಟಿರಲಿಲ್ಲ.

"ಮರದ ವಾಸನಿ ಐತಿ ಇದರಾಗ," ಅಂದ. "ಸುಟ್ಟ ಮರ. ಬಾಳ ದಿನ ಇಟ್ಟಾರ. ಪೌಡರ್ ಇಲ್ಲ."

ಪೀಪಾಯಿಯ ವಿಷಯ ನಾನು ಒಂದಕ್ಷರ ಹೇಳಿರಲಿಲ್ಲ! ಬೆಂಗಳೂರಿನ ರೂಮಿನಲ್ಲಿ ನಾವು ನಾಲ್ವರು ಗಂಟೆಗಟ್ಟಲೆ ಕೊರೆದದ್ದನ್ನು ಮೂರನೇ ಇಯತ್ತೆ ಓದಿದ ಮನುಷ್ಯ ಮೂರು ಮಾತಿನಲ್ಲಿ ಮುಗಿಸಿದ. ಇಂಥ ಮೂಗಿಗೆ ಬೇರೆ ಊರಿನಲ್ಲಿ ಸಂಬಳ ಕೊಟ್ಟು ಕುರ್ಚಿ ಹಾಕುತ್ತಾರೆ. ನಮ್ಮಲ್ಲಿ ಅದು ಆಡಿನ ಹಿಂದೆ ಹೋಗುತ್ತಿದೆ.

ಈಗ ಬೆಂಗಳೂರಿನಲ್ಲಿ 2010ರಿಂದೀಚೆಗೆ ಅಲ್ಲೇ ಕುದಿಸಿ ಅಲ್ಲೇ ಬಡಿಸುವ ಬಿಯರು ಮನೆಗಳು ಎಷ್ಟಾಗಿವೆ! ಮಾಡಿದವನ ಹೆಸರು, ಯಾವ ಕಾಳು, ಎಷ್ಟು ಶೇಕಡ, ಎಲ್ಲ ಹಲಗೆಯ ಮೇಲೆ ಇರುತ್ತದೆ. ದುಡ್ಡಿದ್ದವನಿಗೆ ತಾನು ಕುಡಿಯುವುದು ಏನೆಂದು ತಿಳಿಯುವ ಭಾಗ್ಯ ಉಂಟು. ಕೂಲಿ ಮಾಡಿ ಬಂದವನ ಪಾಕೀಟಿನ ಮೇಲೆ ಒಂದು ಅಕ್ಷರವೂ ಇಲ್ಲ. ಕುಡಿತ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಅವ್ವ ನಡೆದ ಇನ್ನೂರು ಕಿಲೋಮೀಟರಿನ ಮುಂದೆ ಹಾಗೆ ಹೇಳುವ ಧೈರ್ಯವೂ ಇಲ್ಲ. ಆದರೆ ಮಾವನನ್ನು ಮಂಚಕ್ಕೆ ಕಟ್ಟಿಸಿದ್ದು ಈಚಲು ಮರ ಅಲ್ಲ ಎಂಬುದನ್ನಷ್ಟೇ ಹೇಳಬೇಕಿತ್ತು.

ಬಾಟಲಿಯ ಕಥೆ ಏನಾಯಿತು ಅಂತೀರಾ? ಅವ್ವ ಬಂದಳು, ಮಾವನ ಕೈಯಿಂದ ಕಸಿದುಕೊಂಡಳು. ಚಿಕಾಗೋ ಎಂಬ ಹೆಸರು ಕೇಳಿಸಿಕೊಳ್ಳಲೂ ಇಲ್ಲ. "ಗಾಜು ಗಟ್ಟಿ ಐತಿ," ಅಂದು ಬೂದಿ ಹಾಕಿ ತಿಕ್ಕಿ ತೊಳೆದಳು. ಈಗ ಅದರಲ್ಲಿ ಕುಸುಬಿ ಎಣ್ಣೆ ಇದೆ!